ಒಲೆಯ ತಂಟೆಗೆ ಹೋಗದ ಕಾನೂನು: ಲಂಡನ್ ಹೊಗೆಯ ಏಳು ಶತಮಾನ

13ನೆಯ ಶತಮಾನದ ಲಂಡನ್ನಿಗೆ ಕಲ್ಲಿದ್ದಲು ಬರುತ್ತಿದ್ದದ್ದು ಹಡಗಿನಲ್ಲಿ. ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್ ಸುತ್ತ ಅಗೆದ ಕಲ್ಲಿದ್ದಲನ್ನು ಕರಾವಳಿಗುಂಟ ತಂದು ಥೇಮ್ಸ್ ನದಿಯ ದಡದಲ್ಲಿ ಇಳಿಸುತ್ತಿದ್ದರು. ‘ಸೀ ಕೋಲ್’ ಎನ್ನುತ್ತಿದ್ದ ಈ ಸರಕಿನ ಹೆಸರನ್ನೇ ಹೊತ್ತ ಓಣಿಯೊಂದು 1228ರ ಹೊತ್ತಿಗೇ ಊರಿನ ದಾಖಲೆಗೆ ಬಂದಿತ್ತು. ಮನೆಗಳಲ್ಲಿ ಆಗ ಉರಿಯುತ್ತಿದ್ದದ್ದು ಸೌದೆ ಮತ್ತು ಇದ್ದಿಲು. ಕಲ್ಲಿದ್ದಲು ಬೇಕಾಗಿದ್ದದ್ದು ಕಮ್ಮಾರರಿಗೆ, ಅವರಿಗಿಂತ ಹೆಚ್ಚಾಗಿ ಸುಣ್ಣದ ಗೂಡುಗಳಿಗೆ. ಕೋಟೆ, ಚರ್ಚು, ಸೇತುವೆ ಯಾವುದನ್ನು ಕಟ್ಟಬೇಕಾದರೂ ಗಾರೆಗೆ ಸುಣ್ಣ ಬೇಕು, ಸುಣ್ಣದ ಕಲ್ಲನ್ನು ಸುಡಲು ಅಗ್ಗದ ಉರುವಲು ಬೇಕು. ಗಂಧಕದ ನಾತ ಹೊತ್ತ ಆ ಹೊಗೆ ಜನರಿಗೆ ಹೊಸದು. ಲಂಡನ್ನಿಗಿಂತ ಮೊದಲು ಅದರ ಪೆಟ್ಟು ನಾಟಿಂಗ್‌ಹ್ಯಾಮ್‌ನಲ್ಲಿ ದಾಖಲಾಗಿದೆ. ಕಲ್ಲಿದ್ದಲ ಹೊಗೆ ತಾಳಲಾರದೆ ರಾಣಿ ಎಲಿನಾರ್ 1257ರಲ್ಲಿ ಆ ಊರು ಬಿಟ್ಟು ಹೊರಟಳು. ಲಂಡನ್ನಿನಲ್ಲಿ ಸುಣ್ಣದ ಗೂಡುಗಳ ಮೇಲೆ ಬಂದ ದೂರುಗಳ ವಿಚಾರಣೆಗೆ 1285ರಲ್ಲಿ ಆಯೋಗ ಕೂತಿತು. 1307ರಲ್ಲಿ ಒಂದನೆಯ ಎಡ್ವರ್ಡ್ ರಾಜ, ಗೂಡುಗಳಲ್ಲಿ ಕಲ್ಲಿದ್ದಲು ಬಿಟ್ಟು ಸೌದೆ, ಇದ್ದಿಲನ್ನೇ ಉರಿಸಬೇಕೆಂದು ಆಜ್ಞೆ ಹೊರಡಿಸಿದ. ಆಜ್ಞೆ ಮೀರಿದವನೊಬ್ಬನನ್ನು ಗಲ್ಲಿಗೇರಿಸಿದರು ಎಂಬ ಕತೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಆಜ್ಞೆ ಮಾತ್ರ ನಿಜ, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ ಎಂಬುದೂ ನಿಜ.

ಮುಂದಿನ ಎರಡೂವರೆ ಶತಮಾನ ಹೊಗೆಯ ಮಾತು ತಣ್ಣಗಾಗಿತ್ತು. ಮತ್ತೆ ಎದ್ದದ್ದು ಕಾಡು ಬರಿದಾಗಿ ಸೌದೆಯ ಬೆಲೆ ಏರಿದಾಗ. ಮೊದಲನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ಲಂಡನ್ನಿನ ಸಾಮಾನ್ಯ ಮನೆಗಳೂ ಕಲ್ಲಿದ್ದಲಿಗೆ ಹೊರಳಿದವು. ನಡುಮನೆಯಲ್ಲಿ ಬೆಂಕಿ ಹಾಕಿ ಹೊಗೆಯನ್ನು ಮಾಡಿನ ಸಂದಿಯಿಂದ ಹೊರಬಿಡುವ ಹಳೆಯ ರೂಢಿ ಕಲ್ಲಿದ್ದಲಿಗೆ ಒಗ್ಗುವಂಥದ್ದಲ್ಲ, ಒಳಗಿದ್ದವರಿಗೆ ಉಸಿರುಗಟ್ಟುತ್ತದೆ. ಹಾಗಾಗಿ ಇಟ್ಟಿಗೆಯ ಚಿಮಣಿ, ಗೋಡೆಗೆ ಸೇರಿದ ಅಗ್ಗಿಷ್ಟಿಕೆ, ಅದರೊಳಗೊಂದು ಕಬ್ಬಿಣದ ಜಾಲರಿ ಮನೆಮನೆಗೂ ಬಂದವು. ಮನೆಯ ಒಳಗಿನ ಹೊಗೆ ಹೀಗೆ ಬೀದಿಯ ಹೊಗೆಯಾಯಿತು.

ತೆರೆದ ಅಗ್ಗಿಷ್ಟಿಕೆ ಉರಿಯುವ ಬಗೆಯೇ ಕೊಳಕು. ಜಾಲರಿಯ ಮೇಲೆ ಹೊಸ ಕಲ್ಲಿದ್ದಲು ಸುರಿದಾಗ ಅದು ಕಾಯುತ್ತಲೇ ಡಾಂಬರಿನಂಥ ಆವಿಗಳನ್ನು ಬಿಡುತ್ತದೆ. ಅವು ಪೂರ್ತಿ ಉರಿಯಲು ಬೇಕಾದಷ್ಟು ಶಾಖ ಅಲ್ಲಿಲ್ಲ. ಅರೆಬೆಂದ ಆವಿ ಚಿಮಣಿಯಲ್ಲಿ ತಣಿದು, ಮಸಿಯ ಕಣಗಳಾಗಿ ಹೊರಗೆ ಹಾರುತ್ತದೆ. ಶಾಖದ ಬಹುಪಾಲೂ ಅದರೊಂದಿಗೇ ಹೋಗುತ್ತದೆ. ಕಲ್ಲಿದ್ದಲಲ್ಲಿರುವ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಇದಿಷ್ಟೂ ಹೊರಬೀಳುವುದು ಮಾಡಿಗಿಂತ ನಾಲ್ಕಾರು ಅಡಿ ಮೇಲೆ, ಅಂದರೆ ಪಕ್ಕದ ಮನೆಯ ಕಿಟಕಿಯ ಮಟ್ಟದಲ್ಲಿ. ಈ ಹೊಗೆಯ ತೊಂದರೆ ಲಂಡನ್ನಿಗರಿಗೆ ಎಂದೂ ತಿಳಿಯದ್ದಾಗಿರಲಿಲ್ಲ. ಆದರೂ ಏಳುನೂರು ವರ್ಷ ಕಾನೂನಿನ ಕೈ ಕಾರ್ಖಾನೆಯ ಕಡೆಗೇ ಚಾಚಿತು, ಪ್ರತಿಯೊಬ್ಬರ ಮನೆಯಲ್ಲೂ ಉರಿಯುತ್ತಿದ್ದ ಒಲೆಯ ತಂಟೆಗೆ ಹೋಗಲಿಲ್ಲ.

ಈ ಪಕ್ಷಪಾತವನ್ನು ಮೊದಲು ಅಚ್ಚಿನಲ್ಲಿ ಕಾಣುವುದು ಜಾನ್ ಎವೆಲಿನ್ 1661ರಲ್ಲಿ ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದ ‘ಫ್ಯೂಮಿಫ್ಯೂಜಿಯಂ’ ಎಂಬ ಕಿರುಹೊತ್ತಗೆಯಲ್ಲಿ. ತೋಟಗಾರಿಕೆಯಲ್ಲಿ ಆಸಕ್ತಿಯಿದ್ದ ಎವೆಲಿನ್‌ನ ಕಣ್ಣು ಸೂಕ್ಷ್ಮ. ಅಂತರ್ಯುದ್ಧದಲ್ಲಿ ನ್ಯೂಕ್ಯಾಸಲ್ಲಿಗೆ ಮುತ್ತಿಗೆ ಬಿದ್ದು ಕಲ್ಲಿದ್ದಲು ಬರುವುದು ನಿಂತ ವರ್ಷ, ಊರಿನ ನಟ್ಟನಡುವೆ, ಸ್ಟ್ರಾಂಡ್ ಮತ್ತು ಬಾರ್ಬಿಕನ್ ಕಡೆಯ ತೋಟಗಳಲ್ಲಿ ಹಿಂದೆಂದೂ ಕಾಣದಷ್ಟು ಹಣ್ಣು ಬಿಟ್ಟದ್ದನ್ನು ಆತ ಬರೆದಿಟ್ಟ. ಯಾರೂ ಬೇಕೆಂದು ಮಾಡದ ಪ್ರಯೋಗವನ್ನು ಯುದ್ಧ ಮಾಡಿ ತೋರಿಸಿತ್ತು. ಆದರೆ ತಪ್ಪಿತಸ್ಥರ ಪಟ್ಟಿಗೆ ಬಂದಾಗ ಎವೆಲಿನ್ ಅಡುಗೆಯ ಬೆಂಕಿಯನ್ನು ಬಿಟ್ಟುಬಿಟ್ಟ. ಬಿಯರ್ ಕುದಿಸುವವರು, ಬಣ್ಣ ಹಾಕುವವರು, ಸುಣ್ಣ ಸುಡುವವರು, ಉಪ್ಪು ಮತ್ತು ಸಾಬೂನು ಕಾಯಿಸುವವರು ಅವನ ಗುರಿ. ಅವರನ್ನೆಲ್ಲ ನದಿಯ ಕೆಳಗೆ ಐದಾರು ಮೈಲಿ ಆಚೆ ಸಾಗಿಸಬೇಕು, ಊರಿನ ಸುತ್ತ ಪರಿಮಳದ ಹೂಗಿಡಗಳ ಬೇಲಿ ಹಾಕಬೇಕು ಎಂಬುದು ಸಲಹೆ. ದೊರೆ ಮೆಚ್ಚಿದ. ಕೆಲಸ ಆಗಲಿಲ್ಲ.

ಮಸಿ ಕಟ್ಟಿದ ಚಿಮಣಿಗಳನ್ನು ಕೆರೆದು ತೆಗೆಯಲು ಕಿರಿದಾದ ಕೊಳವೆಯೊಳಗೆ ಹತ್ತುವಷ್ಟು ಸಣ್ಣ ಹುಡುಗರನ್ನು ಇಟ್ಟುಕೊಳ್ಳುವ ಕಸುಬು ಬೆಳೆಯಿತು. ಈ ಹುಡುಗರು ದೊಡ್ಡವರಾದ ಮೇಲೆ ವೃಷಣದ ಚರ್ಮದಲ್ಲಿ ಹುಣ್ಣಾಗಿ ಸಾಯುವುದನ್ನು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ವಿವರಿಸಿದ. ಕಸುಬಿನಿಂದ ಬರುವ ಕ್ಯಾನ್ಸರಿನ ಮೊದಲ ವೈದ್ಯಕೀಯ ವಿವರಣೆ ಎಂದು ಅದನ್ನು ಇಂದೂ ಎತ್ತಿಹೇಳುತ್ತಾರೆ. ಮಸಿ ಬರಿಯ ಕೊಳೆಯಲ್ಲ, ವಿಷವೂ ಹೌದು ಎಂಬುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ. ಆದರೂ ಮಕ್ಕಳನ್ನು ಚಿಮಣಿಗೆ ಹತ್ತಿಸುವುದು ನಿಜವಾಗಿ ನಿಂತದ್ದು ನೂರು ವರ್ಷದ ನಂತರ, 1875ರ ಕಾನೂನಿನಿಂದ.

19ನೆಯ ಶತಮಾನ ಉಗಿಯಂತ್ರದ ಕಾಲ. ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ ಊರಿನ ಒಳಗೂ ಹೊರಗೂ ಉಷ್ಣಮಾಪಕದ ಲೆಕ್ಕ ಹಿಡಿದು, ನಗರದ ನಡುಭಾಗ ಸುತ್ತಲಿನ ಹಳ್ಳಿಗಳಿಗಿಂತ ಬೆಚ್ಚಗಿರುವುದನ್ನು ತೋರಿಸಿದ. ಮೋಡಗಳಿಗೆ ಇಂದು ಬಳಸುವ ಹೆಸರುಗಳನ್ನು ಕೊಟ್ಟವನೂ ಅವನೇ. ಕಾನೂನುಗಳು ಒಂದರ ಹಿಂದೊಂದು ಬಂದವು. 1821ರದ್ದು ಹಲ್ಲಿಲ್ಲದ್ದು. ಪಾಮರ್‌ಸ್ಟನ್ ಗೃಹಮಂತ್ರಿಯಾಗಿದ್ದಾಗ ತಂದ 1853ರ ಕಾನೂನು ಲಂಡನ್ನಿನ ಕುಲುಮೆಗಳನ್ನೂ ಥೇಮ್ಸ್‌ನ ಉಗಿದೋಣಿಗಳನ್ನೂ ಹಿಡಿಯಿತು, ಪೊಲೀಸರಿಗೆ ಅಧಿಕಾರ ಕೊಟ್ಟಿತು. 1875, 1891, 1926ರ ಕಾಯ್ದೆಗಳೂ ಅದೇ ದಾರಿ ಹಿಡಿದವು. ಪ್ರತಿಯೊಂದರಲ್ಲೂ ವಾಸದ ಮನೆಯ ಚಿಮಣಿಗೆ ವಿನಾಯಿತಿ ಇತ್ತು.

ಇವುಗಳ ನಡುವೆ ಒಂದು ಕಾನೂನು ಬೇರೆಯೇ ಜಾತಿಯದು, ಲಂಡನ್ನಿನಾಚೆಗೆ ಹೋಗಿ ನೋಡಬೇಕಾದದ್ದು. ಸೇಂಟ್ ಹೆಲೆನ್ಸ್, ವಿಡ್ನೆಸ್ ಕಡೆ ಉಪ್ಪಿನಿಂದ ಸೋಡಾ ತಯಾರಿಸುವ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲದ ಆವಿಯನ್ನು ಬಿಟ್ಟು ಸುತ್ತಲಿನ ಮರಗಿಡಗಳನ್ನು ಸುಡುತ್ತಿದ್ದವು. ವಿಲಿಯಂ ಗಾಸೇಜ್ 1836ರಲ್ಲಿ ಒಂದು ಗೋಪುರ ಕಟ್ಟಿ ಅದರೊಳಗೆ ಕಡ್ಡಿಕಸ ತುಂಬಿ, ಮೇಲಿನಿಂದ ನೀರು ಸುರಿಸಿ, ಕೆಳಗಿನಿಂದ ಆವಿ ಏರಿಸಿ ಆಮ್ಲವನ್ನು ನೀರಿನಲ್ಲಿ ಹಿಡಿದಿದ್ದ. ಉಪಾಯ ಕೈಯಲ್ಲಿದ್ದುದರಿಂದ 1863ರ ಆಲ್ಕಲಿ ಕಾಯ್ದೆ ‘ಆದಷ್ಟು ಕಡಿಮೆ ಮಾಡಿ’ ಎನ್ನದೆ, ಆವಿಯ 95 ಶೇಕಡ ಹಿಡಿಯಲೇಬೇಕು ಎಂದು ಅಂಕಿ ಹಾಕಿ ಹೇಳಿತು. ಅಳೆದು ನೋಡಲು ರಸಾಯನ ಬಲ್ಲ ಇನ್‌ಸ್ಪೆಕ್ಟರುಗಳನ್ನೂ ನೇಮಿಸಿತು. ಅವರ ಮುಖ್ಯಸ್ಥ ರಾಬರ್ಟ್ ಆಂಗಸ್ ಸ್ಮಿತ್ ಮಳೆನೀರನ್ನು ಊರೂರಿನಿಂದ ಹಿಡಿದು ಪರೀಕ್ಷಿಸಿ 1872ರಲ್ಲಿ ಆಮ್ಲಮಳೆಯ ಬಗ್ಗೆ ಪುಸ್ತಕ ಬರೆದ. ಇಂದಿನ ಮಾಲಿನ್ಯ ಮಂಡಳಿಗಳ ಕೆಲಸದ ಕ್ರಮ ಹುಟ್ಟಿದ್ದು ಇಲ್ಲಿ ಎನ್ನಬಹುದು. ಕಾಕತಾಳೀಯವೋ ಏನೋ, ಬ್ರಿಟಿಷ್ ಆಡಳಿತದ ಕಲ್ಕತ್ತೆಗೂ ಹೊಗೆ ತಡೆಯುವ ಮೊದಲ ಕಾನೂನು ಬಂದದ್ದು ಅದೇ 1863ರಲ್ಲಿ. ಬಂಗಾಳದ ಇನ್ನೂ ಬಿಗಿಯಾದ ಕಾಯ್ದೆ 1905ರದ್ದು.

ಲಂಡನ್ನಿನ ಹಳದಿ ಮಂಜು ಈ ಕಾಲಕ್ಕೆ ಕೊಲ್ಲತೊಡಗಿತ್ತು. 1873ರ ಡಿಸೆಂಬರಿನಲ್ಲಿ ಇಸ್ಲಿಂಗ್ಟನ್ನಿನ ದನದ ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ರಾಸುಗಳು ಏದುಸಿರು ಬಿಡುತ್ತ ಸತ್ತವು. ಆ ವಾರ ಸತ್ತ ಮನುಷ್ಯರ ಲೆಕ್ಕ ನೋಡಲು ಜನರಿಗೆ ಹೊಳೆದದ್ದು ಆಮೇಲೆ. 1880ರ ಆರಂಭದ ಮಂಜು ಇನ್ನೂ ಭೀಕರ. ಆ ವರ್ಷ ರೋಲೋ ರಸೆಲ್ (ದಾರ್ಶನಿಕ ಬರ್ಟ್ರಂಡ್ ರಸೆಲ್‌ನ ಚಿಕ್ಕಪ್ಪ) ಪ್ರಕಟಿಸಿದ ಕಿರುಪುಸ್ತಕ ಮೊದಲ ಬಾರಿಗೆ ಬೆರಳನ್ನು ಸರಿಯಾದ ಕಡೆಗೆ ತೋರಿಸಿತು: ಈ ಮಂಜಿನ ಮುಖ್ಯ ಕಾರಣ ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆ. 1921ರಲ್ಲಿ ಲಾರ್ಡ್ ನ್ಯೂಟನ್ ಸಮಿತಿಯೂ ಅದನ್ನೇ ಹೇಳಿತು. ಎರಡನ್ನೂ ಓದಿ ಪಕ್ಕಕ್ಕಿಟ್ಟರು. ಉರಿಯುವ ಬೆಂಕಿಯ ಮುಂದೆ ಕೂರುವುದು ಇಂಗ್ಲಿಷ್ ಮನೆತನದ ಗುರುತು; ಅದಕ್ಕೆ ಕೈಹಾಕಿದ ಮಂತ್ರಿ ಮತ ಕಳೆದುಕೊಳ್ಳುತ್ತಾನೆ.

ಹೊಗೆ ಕೆಲವು ದಿನ ಮಾಯವಾಗಿ, ಕೆಲವು ದಿನ ನಿಂತು ಕೊಲ್ಲುವುದೇಕೆ ಎಂಬುದು ಗಾಳಿಯ ವಿಷಯ. ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲೇರಿದಂತೆ ತಂಪು. ಒಣಗಾಳಿ ಮೇಲೇರುವಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ಬೇಗ ತಣಿಯುತ್ತಿದ್ದರೆ ಏರಿದ್ದು ಏರುತ್ತಲೇ ಹೋಗುತ್ತದೆ, ಹೊಗೆ ಹಂಚಿಹೋಗುತ್ತದೆ. ಚಳಿಗಾಲದ ನಿರಭ್ರ ರಾತ್ರಿಯಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗಿ, ತನಗೆ ತಾಗಿದ ಗಾಳಿಯನ್ನೂ ತಣಿಸುತ್ತದೆ. ಕೆಳಗೆ ತಂಪಾದ ಭಾರದ ಗಾಳಿ, ಮೇಲೆ ಬೆಚ್ಚಗಿನ ಹಗುರ ಗಾಳಿ. ಏರಬೇಕಾದ್ದು ಏರುವುದಿಲ್ಲ. ಉಷ್ಣತೆಯ ವಿಲೋಮ ಎಂದು ಕರೆಯುವ ಈ ಸ್ಥಿತಿ ಮಲೆನಾಡಿನವರಿಗೆ ಪರಿಚಿತ. ಮಾಗಿಯ ಬೆಳಗ್ಗೆ ಬಚ್ಚಲೊಲೆಯ ಹೊಗೆ ಹೆಂಚು ದಾಟಿ ಸ್ವಲ್ಪ ಮೇಲೇರಿ, ಅಡಿಕೆ ತೋಟದ ಮೇಲೆ ಕಂಬಳಿಯಂತೆ ಹಾಸಿಕೊಂಡು ನಿಲ್ಲುವುದು ಇದರಿಂದಲೇ. ಲಂಡನ್ ಇರುವುದು ಥೇಮ್ಸ್ ಕಣಿವೆಯ ತಗ್ಗಿನಲ್ಲಿ. ತಂಪು ಗಾಳಿ ಸುತ್ತಲಿನ ದಿಬ್ಬಗಳಿಂದ ಅಲ್ಲಿಗೇ ಇಳಿದು ಸೇರುತ್ತದೆ.

ಇದನ್ನು ಲೆಕ್ಕಕ್ಕೆ ತರುವ ಕೆಲಸ 20ನೆಯ ಶತಮಾನದ್ದು. ಗಾಳಿಯ ಸುಳಿಗಳು ವಸ್ತುವನ್ನು ಹೇಗೆ ಹರಡುತ್ತವೆ ಎಂಬುದನ್ನು ಜಿ. ಐ. ಟೇಲರ್ 1915ರಿಂದ ವಿವರಿಸತೊಡಗಿದ. ಮೊದಲ ಮಹಾಯುದ್ಧದ ವಿಷಾನಿಲ ಈ ಶಾಸ್ತ್ರಕ್ಕೆ ಹಣವನ್ನೂ ಅವಸರವನ್ನೂ ಒದಗಿಸಿತು. ಬ್ರಿಟಿಷ್ ಹವಾಮಾನ ಕಚೇರಿಯ ಫ್ರಾಂಕ್ ಪಾಸ್ಕ್ವಿಲ್ 1961ರಲ್ಲಿ ಕೊಟ್ಟ ವಿಂಗಡಣೆ ಇಂದಿಗೂ ಚಲಾವಣೆಯಲ್ಲಿದೆ. ಬಿಸಿಲೆಷ್ಟು, ಮೋಡವೆಷ್ಟು, ಗಾಳಿಯ ವೇಗವೆಷ್ಟು ಎಂದು ನೋಡಿ ವಾತಾವರಣವನ್ನು ‘ಎ’ಯಿಂದ ‘ಎಫ್’ವರೆಗೆ ಆರು ದರ್ಜೆಗೆ ಹಾಕುವುದು ಆ ಕ್ರಮ. ಸುಡುಬಿಸಿಲಿನ ಮಂದಗಾಳಿಯ ಮಧ್ಯಾಹ್ನ ‘ಎ’, ನಿರಭ್ರ ನಿಶ್ಚಲ ರಾತ್ರಿ ‘ಎಫ್’. ಇವೆಲ್ಲದರಿಂದ ಹೊರಬಿದ್ದ ಒಂದು ಸೂತ್ರ ಎಂಜಿನಿಯರುಗಳಿಗೆ ತುಂಬಾ ಇಷ್ಟವಾಯಿತು. ಚಿಮಣಿಯ ಎತ್ತರವನ್ನು ಎರಡು ಪಟ್ಟು ಮಾಡಿದರೆ ನೆಲದ ಮೇಲೆ ಬೀಳುವ ಗರಿಷ್ಠ ಸಾಂದ್ರತೆ ಸರಿಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.

ಎತ್ತರಿಸುವುದೋ ತೊಳೆಯುವುದೋ ಎಂಬ ಪ್ರಶ್ನೆ ಲಂಡನ್ನಿನ ಬ್ಯಾಟರ್‌ಸಿ ವಿದ್ಯುತ್ ಸ್ಥಾವರದಲ್ಲಿ ಮುಖಾಮುಖಿಯಾಯಿತು. ಅರಮನೆಗೂ ಟೇಟ್ ಚಿತ್ರಶಾಲೆಗೂ ಹತ್ತಿರದಲ್ಲಿ ಅಷ್ಟು ದೊಡ್ಡ ಸ್ಥಾವರವೇ ಎಂದು ಗಲಾಟೆಯಾದ ಮೇಲೆ, ಹೊಗೆಯಿಂದ ಗಂಧಕ ತೆಗೆಯಬೇಕೆಂಬ ಷರತ್ತಿನೊಂದಿಗೆ ಅದು 1933ರಲ್ಲಿ ಶುರುವಾಯಿತು. ಥೇಮ್ಸ್ ನೀರಿಗೆ ಸೀಮೆಸುಣ್ಣ ಬೆರೆಸಿ ಹೊಗೆಯ ಮೇಲೆ ಸಿಂಪಡಿಸುತ್ತಿದ್ದರು. ಗಂಧಕದ ಬಹುಪಾಲು ಹೋಗುತ್ತಿತ್ತು. ಆದರೆ ಒದ್ದೆಯಾಗಿ ತಣಿದ ಹೊಗೆಗೆ ಏರುವ ಶಕ್ತಿ ಉಳಿಯುತ್ತಿರಲಿಲ್ಲ, ಅದು ಹತ್ತಿರದಲ್ಲೇ ಕುಸಿದು ಇಳಿಯುತ್ತಿತ್ತು. ತೊಳೆದ ನೀರು ನದಿಗೇ ಸೇರುತ್ತಿತ್ತು. ಯುದ್ಧದಲ್ಲಿ ಆ ಬಿಳಿ ಹೊಗೆ ಬಾಂಬರ್ ವಿಮಾನಗಳಿಗೆ ದಾರಿ ತೋರಿಸೀತೆಂದು ತೊಳೆಯುವುದನ್ನೇ ನಿಲ್ಲಿಸಿದರು.

1952ರ ಡಿಸೆಂಬರ್ 5ರ ಶುಕ್ರವಾರ ಲಂಡನ್ನಿನ ಮೇಲೆ ಹೆಚ್ಚೊತ್ತಡದ ವಲಯವೊಂದು ಬಂದು ಕೂತಿತು. ಗಾಳಿ ನಿಂತಿತು. ಚಳಿ ಜೋರಿದ್ದುದರಿಂದ ಜನ ಒಲೆಗಳಿಗೆ ಕಲ್ಲಿದ್ದಲು ಸುರಿದರು. ಯುದ್ಧದ ಸಾಲ ತೀರಿಸಲು ಒಳ್ಳೆಯ ಕಲ್ಲಿದ್ದಲು ರಫ್ತಾಗುತ್ತಿತ್ತು. ಮನೆಗಳಿಗೆ ಸಿಗುತ್ತಿದ್ದದ್ದು ‘ನಟಿ ಸ್ಲ್ಯಾಕ್’ ಎಂಬ ಪುಡಿಪುಡಿಯಾದ ಕೀಳು ಮಾಲು. ರೇಷನ್ ಇಲ್ಲದೆ ಅದನ್ನು ಮಾರಲು ಸರ್ಕಾರ ಬಿಟ್ಟದ್ದು ಅದೇ ತಿಂಗಳ ಮೊದಲಲ್ಲಿ. ವಿದ್ಯುತ್ ಟ್ರಾಮುಗಳನ್ನು ತೆಗೆದು ಡೀಸೆಲ್ ಬಸ್ಸು ಓಡಿಸುವ ಕೆಲಸ ಪೂರ್ತಿಯಾದದ್ದೂ ಅದೇ ವರ್ಷದ ಬೇಸಗೆಯಲ್ಲಿ. ಹವಾಮಾನ ಕಚೇರಿಯ ಲೆಕ್ಕದಂತೆ ದಿನಕ್ಕೆ 1,000 ಟನ್ ಮಸಿಯ ಕಣ, 370 ಟನ್ ಸಲ್ಫರ್ ಡೈಆಕ್ಸೈಡ್ 100–200 ಮೀಟರ್ ದಪ್ಪದ ಗಾಳಿಯ ಪದರದೊಳಗೆ ತುಂಬಿಕೊಂಡವು. ಮಂಜಿನ ಹನಿಗಳಲ್ಲಿ ಕರಗಿದ ಸಲ್ಫರ್ ಡೈಆಕ್ಸೈಡ್ ಸಲ್ಫ್ಯೂರಿಕ್ ಆಮ್ಲವಾಯಿತು.

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸುಮಾರು 48 ಗಂಟೆ ಹತ್ತು ಮೀಟರ್ ಆಚೆ ಏನೂ ಕಾಣಲಿಲ್ಲ. ಬಸ್ಸಿನ ಮುಂದೆ ಕಂಡಕ್ಟರ್ ಪಂಜು ಹಿಡಿದು ನಡೆದ, ಆಮೇಲೆ ಬಸ್ಸೇ ನಿಂತಿತು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಒಳಗೇ ಮಂಜು ನುಗ್ಗಿ ‘ಲಾ ತ್ರವಿಯಾತಾ’ ಸಂಗೀತನಾಟಕವನ್ನು ಮೊದಲ ಅಂಕಕ್ಕೇ ನಿಲ್ಲಿಸಬೇಕಾಯಿತು. ಅರ್ಲ್ಸ್ ಕೋರ್ಟಿನಲ್ಲಿ ಮತ್ತೆ ದನದ ಪ್ರದರ್ಶನ, ಮತ್ತೆ ಬಹುಮಾನದ ರಾಸುಗಳೇ ನೆಲಕ್ಕುರುಳಿದವು. ಪಕ್ಕದಲ್ಲಿದ್ದ ಕುರಿ, ಹಂದಿಗಳಿಗೆ ಅಷ್ಟು ತೊಂದರೆಯಾಗಲಿಲ್ಲ. ಇದಕ್ಕೆ ಒಂದು ವಿವರಣೆ ಹೀಗಿದೆ: ಬಹುಮಾನದ ದನಗಳ ಹಾಸುಹುಲ್ಲನ್ನು ಗಳಿಗೆಗೊಮ್ಮೆ ಬದಲಿಸಿ ಚೊಕ್ಕಟವಾಗಿ ಇಡುತ್ತಿದ್ದರು, ಉಳಿದವಕ್ಕೆ ಆ ಉಪಚಾರವಿಲ್ಲ. ಗಂಜಲದಿಂದ ಏಳುವ ಅಮೋನಿಯಾ ಗಾಳಿಯ ಆಮ್ಲವನ್ನು ಸ್ವಲ್ಪ ಮಟ್ಟಿಗೆ ಮುರಿಯಿತು.

ಮಂಗಳವಾರ ಗಾಳಿ ಬೀಸಿ ಮಂಜು ಚದುರಿತು. ಎಷ್ಟು ಜನ ಸತ್ತರೆಂದು ಆ ಐದು ದಿನ ಯಾರಿಗೂ ಅಂದಾಜಿರಲಿಲ್ಲ. ಶವಪೆಟ್ಟಿಗೆಯ ಅಂಗಡಿಯವರಿಗೆ, ಹೂ ಮಾರುವವರಿಗೆ ಮಾತ್ರ ಸುಳಿವು ಸಿಕ್ಕಿತ್ತು. ಸತ್ತವರಲ್ಲಿ ಹೆಚ್ಚಿನವರು ಮುದುಕರು, ಶಿಶುಗಳು, ಎದೆರೋಗ ಇದ್ದವರು. ಸರ್ಕಾರದ ಮೊದಲ ಲೆಕ್ಕ ಸುಮಾರು 4,000. ಮುಂದಿನ ಎರಡು ತಿಂಗಳೂ ಸಾವುಗಳು ವಾಡಿಕೆಗಿಂತ ಹೆಚ್ಚೇ ಇದ್ದವು. ಅದನ್ನು ಇನ್‌ಫ್ಲುಯೆಂಜಾದ ಖಾತೆಗೆ ಬರೆದರು. 2001ರಲ್ಲಿ ಆ ಅಂಕಿಗಳನ್ನು ಮತ್ತೆ ಕೆದಕಿದ ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್, ಸತ್ತವರು ಸುಮಾರು 12,000 ಇದ್ದಿರಬೇಕೆಂದು ಅಂದಾಜಿಸಿದರು.

ಚರ್ಚಿಲ್ ಸರ್ಕಾರಕ್ಕೆ ಅವಸರವೇನೂ ಇರಲಿಲ್ಲ. ಹೆಚ್ಚೇನೂ ಮಾಡಲಾಗದಿದ್ದರೂ ತುಂಬಾ ಮಾಡುತ್ತಿರುವಂತೆ ಕಾಣಿಸಿಕೊಳ್ಳಬಹುದು ಎಂಬರ್ಥದ ಟಿಪ್ಪಣಿಯನ್ನು ವಸತಿ ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ ಸಹೋದ್ಯೋಗಿಗಳಿಗೆ ಬರೆದದ್ದು ಆಮೇಲೆ ಕಡತದಿಂದ ಹೊರಬಂತು. 1953ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷ ಸರ್ ಹ್ಯೂ ಬೀವರ್ ಮಾತ್ರ ಕಾಣಿಸಿಕೊಳ್ಳುವುದಕ್ಕಷ್ಟೇ ಕೆಲಸ ಮಾಡುವವನಲ್ಲ. ಗಿನ್ನೆಸ್ ಬಿಯರ್ ಕಂಪನಿಯ ಮುಖ್ಯಸ್ಥ, ಗಿನ್ನೆಸ್ ದಾಖಲೆಗಳ ಪುಸ್ತಕ ಹುಟ್ಟಿದ್ದೂ ಅವನ ತಲೆಯಲ್ಲೇ. ದೇಶದಲ್ಲಿ ಉರಿಯುವ ಕಲ್ಲಿದ್ದಲಿನ ಐದನೆಯ ಒಂದು ಪಾಲೂ ಮನೆಗಳಲ್ಲಿ ಉರಿಯುವುದಿಲ್ಲ, ಆದರೆ ಹೊಗೆಯ ಅರ್ಧದಷ್ಟು ಅಲ್ಲಿಂದಲೇ ಬರುತ್ತದೆ ಎಂದು 1954ರ ವರದಿ ತೋರಿಸಿತು. ಸರ್ಕಾರ ಇನ್ನೂ ಮೀನಮೇಷ ಎಣಿಸುತ್ತಿದ್ದಾಗ ಸಂಸದ ಜೆರಾಲ್ಡ್ ನಬಾರೊ ಖಾಸಗಿ ಮಸೂದೆ ಮಂಡಿಸಿದ. ತಾನೇ ಕಾನೂನು ತರುವುದಾಗಿ ಸರ್ಕಾರ ಮಾತು ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆದ.

1956ರ ಶುದ್ಧ ಗಾಳಿ ಕಾಯ್ದೆ ಹೀಗೆ ಬಂತು. ಕಾರ್ಖಾನೆಗಳಿಗೆ ಕಪ್ಪುಹೊಗೆ ನಿಷಿದ್ಧ. ಕಪ್ಪು ಎಷ್ಟು ಎಂದು ನೋಡಲು ಫ್ರೆಂಚ್ ಪ್ರಾಧ್ಯಾಪಕ ರಿಂಗೆಲ್‌ಮನ್ 1888ರಲ್ಲಿ ರೂಪಿಸಿದ ಹಲಗೆ. ಬಿಳಿಯ ಮೇಲೆ ಎಳೆದ ಕರಿಗೆರೆಗಳ ಚೌಕುಳಿ ದೂರದಿಂದ ಬೂದುಬಣ್ಣವಾಗಿ ಕಾಣುತ್ತದೆ, ಚಿಮಣಿಯ ಹೊಗೆಯನ್ನು ಅದರ ಪಕ್ಕ ಹಿಡಿದು ನೋಡಿ ನಂಬರ್ ಕೊಡಬೇಕು. ನಿಜವಾದ ಹೊಸತನ ಬೇರೆ ಕಡೆ ಇತ್ತು. ಸ್ಥಳೀಯ ಆಡಳಿತ ಯಾವುದೇ ಬಡಾವಣೆಯನ್ನು ಹೊಗೆ ನಿಯಂತ್ರಣ ವಲಯವೆಂದು ಸಾರಬಹುದು. ಅಲ್ಲಿ ಮನೆಯ ಚಿಮಣಿಯೂ ಹೊಗೆ ಬಿಡುವಂತಿಲ್ಲ. ಬದಲಿಗೆ ಕೋಕ್‌ನಂಥ ಹೊಗೆಯಿಲ್ಲದ ಉರುವಲು ಸುಡುವಂತೆ ಅಗ್ಗಿಷ್ಟಿಕೆ ಬದಲಿಸುವ ಖರ್ಚಿನಲ್ಲಿ 70 ಶೇಕಡವನ್ನು ಸರ್ಕಾರ ಮತ್ತು ಸ್ಥಳೀಯ ಆಡಳಿತ ಕೊಡುತ್ತಿದ್ದವು. ಕಾನೂನು ಮನೆಯೊಳಕ್ಕೆ ಕಾಲಿಟ್ಟಿತು, ಜೊತೆಗೆ ಹಣವನ್ನೂ ತಂದಿತು. ಫಲ ಒಮ್ಮೆಲೇ ಬರಲಿಲ್ಲ. 1962ರ ಡಿಸೆಂಬರಿನ ಮಂಜು ಮತ್ತೆ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಉತ್ತರ ಸಮುದ್ರದಲ್ಲಿ ಸಿಕ್ಕ ಅನಿಲ 1967ರಿಂದ ಕೊಳವೆಯಲ್ಲಿ ಮನೆಗೆ ಬಂದದ್ದು ಕಾಯ್ದೆಗಿಂತ ಬೇಗ ಕಲ್ಲಿದ್ದಲ ಒಲೆಗಳನ್ನು ಖಾಲಿ ಮಾಡಿಸಿತು ಎಂದರೂ ಸಲ್ಲುತ್ತದೆ.

ವಿದ್ಯುತ್ ಸ್ಥಾವರಗಳು ಅಷ್ಟರಲ್ಲಿ ಎತ್ತರದ ದಾರಿ ಹಿಡಿದಿದ್ದವು. ಯಾರ್ಕ್‌ಷೈರಿನ ಡ್ರ್ಯಾಕ್ಸ್ ಸ್ಥಾವರದ ಚಿಮಣಿ 259 ಮೀಟರ್. ಬ್ರಿಟನ್ನಿನ ನೆಲದಲ್ಲಿ ಗಾಳಿ ಹಗುರವಾಯಿತು; ಗಂಧಕ ಮಾತ್ರ ಕಡಲು ದಾಟಿ ನಾರ್ವೆ, ಸ್ವೀಡನ್ನಿನ ಕೆರೆಗಳಲ್ಲಿ ಆಮ್ಲವಾಗಿ ಇಳಿಯಿತು, ಮೀನು ಸತ್ತವು. ಸ್ವೀಡಿಷ್ ವಿಜ್ಞಾನಿ ಸ್ವಾಂಟೆ ಓಡೆನ್ 1960ರ ದಶಕದ ಕೊನೆಯಲ್ಲಿ ಇದನ್ನು ಬಯಲಿಗೆಳೆದ. ವಾದವಿವಾದಗಳ ನಂತರ 1979ರಲ್ಲಿ ಜಿನೀವಾದಲ್ಲಿ ಗಡಿದಾಟುವ ಮಾಲಿನ್ಯದ ಒಪ್ಪಂದವಾಯಿತು. ಡ್ರ್ಯಾಕ್ಸ್‌ನಲ್ಲಿ ಗಂಧಕ ಹಿಡಿಯುವ ಘಟಕಗಳು 1990ರ ದಶಕದಲ್ಲಿ ಕೆಲಸಕ್ಕೆ ನಿಂತವು.

ಎತ್ತರದ ಸೂತ್ರ ಭಾರತಕ್ಕೂ ಬಂತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ 200ರಿಂದ 500 ಮೆಗಾವಾಟಿನೊಳಗಿನ ಘಟಕದ ಚಿಮಣಿ 220 ಮೀಟರ್ ಇರಬೇಕು, 500 ಮತ್ತು ಮೇಲಿನದಕ್ಕೆ 275. ರಾಯಚೂರಿನ ಶಕ್ತಿನಗರದ 210 ಮೆಗಾವಾಟ್ ಘಟಕಗಳು ಮೊದಲ ವರ್ಗದವು, ಬಳ್ಳಾರಿ ಸ್ಥಾವರದ 500 ಮೆಗಾವಾಟ್ ಘಟಕಗಳು ಎರಡನೆಯವು. ಗಂಧಕ ಇಷ್ಟನ್ನು ಮೀರಬಾರದು ಎಂಬ ಮಿತಿಯನ್ನು ದೇಶದ ಉಷ್ಣ ಸ್ಥಾವರಗಳಿಗೆಲ್ಲ ಹಾಕಿದ್ದು 2015ರ ಡಿಸೆಂಬರಿನಲ್ಲಿ.

ಲಂಡನ್ನಿನಲ್ಲಿ ಕಲ್ಲಿದ್ದಲು ಹೋದ ಜಾಗಕ್ಕೆ ವಾಹನ ಬಂತು. 1991ರ ಡಿಸೆಂಬರಿನಲ್ಲಿ 1952ರಂಥದೇ ನಿಶ್ಚಲ ಗಾಳಿ ಕೂತಾಗ ಏರಿದ್ದು ಮಸಿಯಲ್ಲ, ವಾಹನಗಳ ನೈಟ್ರೋಜನ್ ಡೈಆಕ್ಸೈಡ್. ಕಣ್ಣಿಗೆ ಕಾಣದ ಈ ಹೊಗೆಯ ಮೂಲ ಮತ್ತೆ ಮನೆಯವರದೇ, ಬಾಗಿಲ ಮುಂದೆ ನಿಂತ ಕಾರು. 2019ರ ಏಪ್ರಿಲ್‌ನಲ್ಲಿ ನಗರದ ನಡುಭಾಗದಲ್ಲಿ ಹಳೆಯ ವಾಹನಗಳ ಮೇಲೆ ದಿನಕ್ಕೆ 12.50 ಪೌಂಡ್ ಶುಲ್ಕ ಜಾರಿಯಾಯಿತು. 2021ರಲ್ಲಿ ಅದರ ಎಲ್ಲೆ ಹಿಗ್ಗಿತು. ಹೊರವಲಯಗಳಿಗೂ ಹಬ್ಬಿಸುವ ಯೋಜನೆ 2023ರ ಜುಲೈನಲ್ಲಿ ಅಕ್ಸ್‌ಬ್ರಿಜ್ ಉಪಚುನಾವಣೆಯ ಮುಖ್ಯ ವಿಷಯವಾಗಿ, ವಿರೋಧಿಸಿದ ಪಕ್ಷ 495 ಮತಗಳಿಂದ ಗೆದ್ದಿತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. ಆಗಸ್ಟ್ 29ರಂದು ಶುಲ್ಕ ಇಡೀ ಲಂಡನ್ನಿಗೆ ಅನ್ವಯವಾಯಿತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ತಂತಿಯನ್ನು ರಾತ್ರೋರಾತ್ರಿ ಕತ್ತರಿಸುವ ಗುಂಪುಗಳು ಹುಟ್ಟಿಕೊಂಡವು. ಹಳೆಯ ಕಾರನ್ನು ಗುಜರಿಗೆ ಹಾಕುವವರಿಗೆ 2,000 ಪೌಂಡ್‌ವರೆಗೆ ಸಹಾಯಧನ ಮೊದಲು ಬಡವರಿಗೆ ಮತ್ತು ಕೆಲವೇ ವರ್ಗದವರಿಗೆ ಸಿಗುತ್ತಿತ್ತು. ಶುಲ್ಕ ಹಬ್ಬುವ ಎಂಟು ದಿನ ಮೊದಲು ಅದನ್ನು ಲಂಡನ್ನಿಗರೆಲ್ಲರಿಗೂ ತೆರೆದರು.